ಉತ್ತರವುಂಟು, ಕಾರಣವೆಲ್ಲಿ?

ನ್ಯಾಯಾಸ್ಥಾನಗಳಲ್ಲಿ ಬಹುಕಾಲ ಕಳೆದವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ನ್ಯಾಯಾಧೀಶರು ತೀರ್ಪನ್ನು ಹೇಳಿಬಿಟ್ಟರೆ ಸಾಲದು. ಆ ತೀರ್ಪಿಗೆ ಕಾರಣಗಳನ್ನೂ ಬರೆದಿಡಬೇಕು. ಕಾರಣ ಕೊಡದ ತೀರ್ಪು ಒಂದು ವೇಳೆ ಸರಿಯಾಗಿಯೇ ಇದ್ದರೂ ಮೇಲಿನ ಕೋರ್ಟಿನ ಮುಂದೆ ನಿಲ್ಲುವುದು ಕಷ್ಟ. ಸೋತ ಪಕ್ಷಗಾರನಿಗೂ ತಾನೇಕೆ ಸೋತೆನೆಂಬುದನ್ನು ತಿಳಿಯುವ ಹಕ್ಕು ಉಂಟು. ಲೋಕವ್ಯವಹಾರದಲ್ಲಿ ಇಷ್ಟು ಗೌರವದಿಂದ ಕಾಣುವ ಈ ನಿಯಮವನ್ನು ನಮ್ಮ ಮಕ್ಕಳ ಗಣಿತದ ಪಾಠದಲ್ಲಿ ಮಾತ್ರ ನಾವು ಮರೆತಿರುವೆವು. ಅಲ್ಲಿ ಉತ್ತರವು ಸರಿಯಿದ್ದರೆ ಸಾಕು. ಕಾರಣವನ್ನು ಕೇಳುವವರೇ ಇಲ್ಲ.

ಕಳೆದ ಬೇಸಗೆಯಲ್ಲಿ ನಮ್ಮ ನೆರೆಮನೆಯ ಬಾಲಕಿಯೊಬ್ಬಳು ತನ್ನ ನೋಟುಬುಕ್ಕನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿ, ಪಿ.ಯು. ವಿಜ್ಞಾನ ಶಾಖೆಯನ್ನು ಸೇರಿದವಳು. ಪುಟದ ಮೇಲೆ ಲೆಕ್ಕವೆಲ್ಲ ಅಚ್ಚುಕಟ್ಟಾಗಿತ್ತು. ಉತ್ತರವೂ ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದ ಉತ್ತರಕ್ಕೆ ಸರಿಹೊಂದಿತ್ತು. ಆದರೂ ಅವಳ ಮುಖದಲ್ಲಿ ಸಮಾಧಾನವಿರಲಿಲ್ಲ. "ಉತ್ತರ ಬಂದದ ಕಾಕಾ, ಯಾಕ ಬಂತು ಅಂತ ಮಾತ್ರ ತಿಳೀವಲ್ದು" ಎಂದಳು. ಈ ಒಂದು ಮಾತಿನಲ್ಲಿ ನಮ್ಮ ಗಣಿತ ಶಿಕ್ಷಣದ ರೋಗವೂ ಇದೆ, ಅದರ ಮದ್ದೂ ಇದೆಯೆಂದು ನಮಗೆ ತೋರಿತು. ಕಾರಣ ತಿಳಿಯಲಿಲ್ಲವೆಂದು ಕೊರಗುವ ಬುದ್ಧಿಯು ಇನ್ನೂ ಬದುಕಿರುವುದು. ಆ ಕೊರಗನ್ನು ನಾವು ಕೇಳಿಸಿಕೊಳ್ಳದೆ ಹೋದರೆ ಅದೂ ಒಂದು ದಿನ ಸುಮ್ಮನಾಗುವುದು.

ಆಮೇಲೆ ಹಲವು ಸಂಜೆ ನಾವು ಅವಳೊಡನೆ ಕುಳಿತು ಬೀಜಗಣಿತ, ಸಂಭವನೀಯತೆ, ಕಲನಗಣಿತ ಇವುಗಳ ಲೆಕ್ಕಗಳನ್ನು ಬಿಡಿಸಿದೆವು. ನಮ್ಮ ಕಟ್ಟಳೆ ಒಂದೇ: ಪ್ರತಿಯೊಂದು ಹೆಜ್ಜೆಗೂ ಕಾರಣವನ್ನು ಕನ್ನಡದಲ್ಲಿ, ಮನೆಯ ಮಾತಿನಲ್ಲಿ ಹೇಳದೆ ಮುಂದಿನ ಹೆಜ್ಜೆಯನ್ನಿಡಕೂಡದು. ಅವುಗಳಲ್ಲಿ ಕೆಲವನ್ನು ವಾಚಕರ ಮುಂದಿಡುವೆವು. ಗಣಿತವೆಂದರೆ ಪುಟ ಮಗುಚುವ ಮಹನೀಯರು ದಯಮಾಡಿ ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ನಡೆಯಬೇಕು.

ಮೊದಲು ಬೀಜಗಣಿತ. ಒಬ್ಬನು ೨೪೦ ರೂಪಾಯಿಗಳಿಗೆ ಕೆಲವು ಪುಸ್ತಕಗಳನ್ನು ಕೊಂಡನು. ಪ್ರತಿಯೊಂದರ ಬೆಲೆಯು ೨ ರೂಪಾಯಿ ಕಡಿಮೆಯಿದ್ದಿದ್ದರೆ ಅದೇ ಹಣಕ್ಕೆ ೪ ಪುಸ್ತಕಗಳು ಹೆಚ್ಚಾಗಿ ಬರುತ್ತಿದ್ದವು. ಹಾಗಾದರೆ ಅವನು ಕೊಂಡ ಪುಸ್ತಕಗಳೆಷ್ಟು? ತಿಳಿಯದ ಆ ಸಂಖ್ಯೆಗೆ 'ಕ್ಷ' ಎಂದು ಹೆಸರಿಡುವೆವು. ಹೆಸರಿಡುವುದೇ ಬೀಜಗಣಿತದ ಮೊದಲನೆಯ ಜಾಣತನ. ಯಾರೆಂದು ಗೊತ್ತಿಲ್ಲದಿದ್ದರೂ ಅವನ ಮೇಲೆ ಫಿರ್ಯಾದಿಯನ್ನು ಬರೆದುಕೊಂಡ ಹಾಗೆ. ಒಂದರ ಬೆಲೆಯು ೨೪೦ನ್ನು ಕ್ಷದಿಂದ ಭಾಗಿಸಿದಷ್ಟು. ಅದರಲ್ಲಿ ೨ನ್ನು ಕಳೆದು, ಕ್ಷಕ್ಕೆ ೪ನ್ನು ಕೂಡಿಸಿ, ಎರಡನ್ನೂ ಗುಣಿಸಿದರೆ ಮತ್ತೆ ೨೪೦ ಆಗಬೇಕು. ಬಿಡಿಸಿ ಬರೆದರೆ ದೊರೆಯುವುದು ಇಷ್ಟು: ಕ್ಷದ ವರ್ಗ + ೪ಕ್ಷ = ೪೮೦.

ಇಲ್ಲಿಗೆ ಬಂದೊಡನೆ ನಮ್ಮ ಬಾಲಕಿಯು ಸೂತ್ರವನ್ನು ಒಪ್ಪಿಸತೊಡಗಿದಳು. ನಾವು ತಡೆದೆವು. ಸೂತ್ರವು ಎಲ್ಲಿಂದ ಬಂತೆಂಬುದನ್ನು ನೋಡೋಣವೆಂದೆವು. ಕ್ಷ ಉದ್ದ, ಕ್ಷ ಅಗಲದ ಒಂದು ಚೌಕವನ್ನು ಬರೆಯಿರಿ. ಅದರ ಎರಡು ಮಗ್ಗುಲಿಗೆ ೨ ಅಗಲದ ಎರಡು ಪಟ್ಟಿಗಳನ್ನು ಸೇರಿಸಿರಿ; ಆ ಎರಡು ಪಟ್ಟಿಗಳೇ ೪ಕ್ಷ. ಈಗ ಆಕೃತಿಯು ಹೆಚ್ಚುಕಡಿಮೆ ಒಂದು ದೊಡ್ಡ ಚೌಕವಾಯಿತು. ಒಂದು ಮೂಲೆ ಮಾತ್ರ ಖಾಲಿ. ಆ ಮೂಲೆಯು ೨ ಉದ್ದ ೨ ಅಗಲ, ಅಂದರೆ ೪. ಎರಡೂ ಕಡೆಗೆ ೪ನ್ನು ಕೂಡಿಸಿದರೆ ಚೌಕವು ಪೂರ್ತಿಯಾಗುವುದು. ಬಲಗಡೆ ೪೮೪ ಆಗುವುದು. ಅದು ೨೨ರ ವರ್ಗ. ಆದುದರಿಂದ ಕ್ಷ + ೨ ಎಂಬುದು ೨೨ ಇರಬೇಕು, ಇಲ್ಲವೆ ಋಣ ೨೨ ಇರಬೇಕು. ಕ್ಷದ ಬೆಲೆಯು ೨೦ ಅಥವಾ ಋಣ ೨೪.

ಋಣ ೨೪ ಪುಸ್ತಕಗಳನ್ನು ಯಾರೂ ಕೊಳ್ಳಲಾರರು, ಅದನ್ನು ಬಿಡಬೇಕು. ಆದರೆ ಏಕೆ ಬಿಡಬೇಕೆಂಬುದನ್ನು ಬರೆದು ಬಿಡಬೇಕು. ಸಮೀಕರಣಕ್ಕೆ ಪುಸ್ತಕವೂ ಗೊತ್ತಿಲ್ಲ, ಅಂಗಡಿಯೂ ಗೊತ್ತಿಲ್ಲ. ತನ್ನ ಷರತ್ತಿಗೆ ಒಪ್ಪುವ ಎಲ್ಲ ಸಂಖ್ಯೆಗಳನ್ನೂ ಅದು ಪ್ರಾಮಾಣಿಕವಾಗಿ ಮುಂದಿಡುವುದು. ಅವುಗಳಲ್ಲಿ ಲೋಕಕ್ಕೆ ಸಲ್ಲುವುದು ಯಾವುದು, ಸಲ್ಲದ್ದು ಯಾವುದು ಎಂಬ ವಿವೇಚನೆಯು ಮನುಷ್ಯನದು. ಕೊನೆಗೆ ತಾಳೆ ನೋಡುವೆವು: ೨೦ ಪುಸ್ತಕ, ಒಂದಕ್ಕೆ ೧೨ ರೂಪಾಯಿ, ೨೪ ಪುಸ್ತಕ, ಒಂದಕ್ಕೆ ೧೦ ರೂಪಾಯಿ. ಎರಡೂ ೨೪೦. ಬಾಲಕಿಯು ಆ ಖಾಲಿ ಮೂಲೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡುತ್ತಿದ್ದಳು. ವರ್ಷವೆಲ್ಲ ಬಾಯಿಪಾಠ ಮಾಡಿದ ಸೂತ್ರವು ಒಂದು ಮೂಲೆಯನ್ನು ತುಂಬುವ ಕೆಲಸವೆಂದು ಅವಳಿಗೆ ಅಂದೇ ತಿಳಿದದ್ದು.

ಎರಡನೆಯದು ಸಂಭವನೀಯತೆ. ಇಲ್ಲಿ ಲೆಕ್ಕವು ಚಿಕ್ಕದು, ಮೋಸವು ದೊಡ್ಡದು. ಒಂದು ದಾಳವನ್ನು ನಾಲ್ಕು ಸಲ ಉರುಳಿಸಿದರೆ ಒಂದು ಸಲವಾದರೂ ಆರು ಬೀಳುವ ಸಂಭವವೆಷ್ಟು? ಒಂದು ಸಲಕ್ಕೆ ಆರರಲ್ಲಿ ಒಂದು ಪಾಲಾದರೆ ನಾಲ್ಕು ಸಲಕ್ಕೆ ಆರರಲ್ಲಿ ನಾಲ್ಕು ಪಾಲು ಎಂದು ಹೇಳುವವರು ಬಹಳ. ಈ ವಾದವು ಸರಿಯಾದರೆ ಆರು ಸಲ ಉರುಳಿಸಿದವನಿಗೆ ಆರು ಬೀಳುವುದು ಖಂಡಿತವಾಗಬೇಕು. ಹಾಗೆ ಆಗುವುದಿಲ್ಲವೆಂದು ಪಗಡೆಯಾಡಿದ ಯಾವ ಮುದುಕನಾದರೂ ಹೇಳುವನು. ಆದುದರಿಂದ ಹಾದಿಯನ್ನು ತಿರುಗಿಸಬೇಕು. ಆರು ಬೀಳದಿರುವ ಸಂಭವವು ಪ್ರತಿಸಲ ಆರರಲ್ಲಿ ಐದು. ನಾಲ್ಕು ಸಲವೂ ಬೀಳದಿರಬೇಕಾದರೆ ನಾಲ್ಕನ್ನೂ ಗುಣಿಸಬೇಕು: ೧೨೯೬ರಲ್ಲಿ ೬೨೫. ಉಳಿದದ್ದು ೧೨೯೬ರಲ್ಲಿ ೬೭೧. ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಪಂಡಿತರು ೧೬೫೪ರಲ್ಲಿ ಪರಸ್ಪರ ಪತ್ರ ಬರೆದು ಈ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟದ್ದು ಇಂತಹ ಜೂಜಿನ ಪ್ರಶ್ನೆಗಳಿಂದಲೇ.

ತಪ್ಪುವುದು ಹುಡುಗರು ಮಾತ್ರವೆಂದು ತಿಳಿಯಬಾರದು. ಎರಡು ಸಲ ನಾಣ್ಯವನ್ನು ಚಿಮ್ಮಿದರೆ ಒಂದು ಸಲವಾದರೂ ತಲೆ ಬೀಳುವ ಸಂಭವವು ಮೂರರಲ್ಲಿ ಎರಡೆಂದು ದಾಲಾಂಬೇರನು ೧೭೫೪ರಲ್ಲಿ ಫ್ರಾನ್ಸಿನ ಮಹಾ ವಿಶ್ವಕೋಶದಲ್ಲಿಯೇ ಬರೆದನು. ಮೊದಲನೆಯ ಸಲವೇ ತಲೆ ಬಿದ್ದರೆ ಆಟ ಮುಗಿಯಿತು. ಬೀಳದಿದ್ದರೆ ಎರಡನೆಯ ಸಲ ತಲೆ ಅಥವಾ ಬಾಲ. ಹೀಗೆ ಒಟ್ಟು ಮೂರೇ ಪ್ರಸಂಗಗಳೆಂದು ಅವನ ವಾದ. ಪ್ರಸಂಗಗಳು ಮೂರಾದರೂ ಮೂರೂ ಸಮತೂಕದವಲ್ಲ. ಮೊದಲನೆಯದರ ತೂಕವು ಉಳಿದ ಒಂದೊಂದರ ಎರಡರಷ್ಟು. ಸರಿಯಾದ ಉತ್ತರವು ನಾಲ್ಕರಲ್ಲಿ ಮೂರು. ಸಾಕ್ಷಿಗಳನ್ನು ಎಣಿಸಿದರೆ ಸಾಲದು, ತೂಗಬೇಕೆಂಬ ಮಾತನ್ನು ವಕೀಲರಾದ ನಾವು ಎಷ್ಟು ಸಲ ವಾದಿಸಿಲ್ಲ! ಆ ಮಾತನ್ನೇ ಈ ಲೆಕ್ಕವು ಹೇಳುವುದು. ಅಷ್ಟು ದೊಡ್ಡ ಗಣಿತಜ್ಞನ ತಪ್ಪನ್ನು ಇಂದು ಒಬ್ಬ ಹೈಸ್ಕೂಲು ಹುಡುಗನು ಕಂಡುಹಿಡಿಯಬಲ್ಲನು; ಏತಕ್ಕೆಂದರೆ ಆತನು ತನ್ನ ಕಾರಣವನ್ನು ಮುಚ್ಚಿಡದೆ ಬರೆದಿಟ್ಟನು. ಬರೆದಿಟ್ಟ ಕಾರಣದ ಉಪಕಾರವು ಇದು: ತಪ್ಪಾದರೂ ತಿದ್ದಲಿಕ್ಕೆ ಬರುವುದು. ಬರಿಯ ಉತ್ತರವನ್ನು ತಿದ್ದುವುದು ಹೇಗೆ?

ಎಣಿಸುವ ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ಹಳೆಯ ಸಂಬಂಧವುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸರ್ವಸಾಮಾನ್ಯವಾದ ನಿಯಮವನ್ನು ಆತನು ಕೊಟ್ಟಿರುವನು. ಷಡ್ರಸಗಳನ್ನು ಬೆರೆಸಿದರೆ ಎಷ್ಟು ಬಗೆಯ ರುಚಿಗಳಾಗುವುವೆಂಬುದು ಆತನ ಉದಾಹರಣೆಗಳಲ್ಲಿ ಒಂದು. ಇದನ್ನು ನಾವು ಬಾಲಕಿಗೆ ಕೊಟ್ಟೆವು. ಒಂದೊಂದೇ ಆದರೆ ೬, ಎರಡೆರಡಾದರೆ ೧೫, ಮೂರು ಮೂರಾದರೆ ೨೦, ನಾಲ್ಕಾದರೆ ೧೫, ಐದಾದರೆ ೬, ಆರೂ ಸೇರಿದರೆ ೧, ಒಟ್ಟು ೬೩. ಅವಳು ಕೂಡಿಸಿ ಮುಗಿಸಿ, ಸ್ವಲ್ಪ ಯೋಚಿಸಿ, ಹೇಳಿದಳು: "ಪ್ರತಿಯೊಂದು ರುಚಿನೂ ಹಾಕಬಹುದು, ಇಲ್ಲಾ ಬಿಡಬಹುದು. ಎರಡೆರಡು ದಾರಿ. ಆರು ಸಲ ಎರಡನ್ನ ಗುಣಿಸಿದ್ರ ಅರವತ್ನಾಕು. ಏನೂ ಹಾಕದ ಸಪ್ಪಿ ಒಂದು ಕಳೆದ್ರ ಅರವತ್ಮೂರು." ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡಿಗೆಮನೆಯ ಮಾತಿನಲ್ಲಿ ಯೋಚಿಸಲು ಬಿಟ್ಟದ್ದರಿಂದ ಎರಡನೆಯ ಹಾದಿಯನ್ನು ಅವಳ ಬುದ್ಧಿಯು ತಾನಾಗಿ ಕಂಡುಕೊಂಡಿತು.

ಮೂರನೆಯದು ಕಲನಗಣಿತ, ಅವಳು ಅಳುಕುತ್ತಿದ್ದದ್ದು ಇದಕ್ಕೇ. 'ಅವಕಲನ'ವೆಂಬ ಶಬ್ದವನ್ನು ಕೇಳಿದೊಡನೆ ಹೆದರುವುದು ಸಹಜ. ಕನ್ನಡದ ಪಾರಿಭಾಷಿಕ ಶಬ್ದವಾದ ಮಾತ್ರಕ್ಕೆ ಅದು ತಿಳಿಯುವುದೆಂದು ನಮ್ಮವರು ಭಾವಿಸುವುದು ಒಂದು ಭ್ರಮೆ. ಶಬ್ದದ ಹಿಂದಿನ ಅರ್ಥವನ್ನು ಮೊದಲು ತೋರಿಸಬೇಕು. ೧೦ ಅಡಿ ಮಗ್ಗುಲಿನ ಚೌಕದ ಕ್ಷೇತ್ರಫಲವು ೧೦೦. ಮಗ್ಗುಲು ೧೦.೧ ಆದರೆ ಕ್ಷೇತ್ರಫಲವು ೧೦೨.೦೧, ಹೆಚ್ಚಿದ ೨.೦೧ನ್ನು ೦.೧ರಿಂದ ಭಾಗಿಸಿದರೆ ೨೦.೧. ಮಗ್ಗುಲು ೧೦.೦೧ ಆದರೆ ಕ್ಷೇತ್ರಫಲವು ೧೦೦.೨೦೦೧, ಭಾಗಿಸಿದರೆ ೨೦.೦೧. ಹೆಚ್ಚಳವನ್ನು ಕಿರಿದು ಮಾಡುತ್ತ ಹೋದ ಹಾಗೆ ಈ ದರವು ೨೦ನ್ನು, ಅಂದರೆ ಮಗ್ಗುಲಿನ ಎರಡರಷ್ಟನ್ನು, ಸಮೀಪಿಸುತ್ತ ಹೋಗುವುದು. ಆ ಕ್ಷಣದ ಬೆಳವಣಿಗೆಯ ದರವೆಂದರೆ ಇದೇ, ಅವಕಲನವೆಂದರೆ ಇದೇ.

ಈಗ ಲೆಕ್ಕ. ೧೨ ಅಂಗುಲ ಚೌಕದ ರಟ್ಟಿನ ನಾಲ್ಕು ಮೂಲೆಗಳಲ್ಲಿ ಸಮವಾದ ಚಿಕ್ಕ ಚೌಕಗಳನ್ನು ಕತ್ತರಿಸಿ, ಅಂಚುಗಳನ್ನು ಮೇಲಕ್ಕೆ ಮಡಿಸಿ, ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ಮಾಡಬೇಕು. ಅದರಲ್ಲಿ ಎಲ್ಲಕ್ಕೂ ಹೆಚ್ಚು ಧಾನ್ಯ ಹಿಡಿಯಬೇಕಾದರೆ ಎಷ್ಟು ಅಂಗುಲ ಕತ್ತರಿಸಬೇಕು? ನಿಜವಾದ ರಟ್ಟು, ನಿಜವಾದ ಕತ್ತರಿ ತರಿಸಿದೆವು. ೧ ಅಂಗುಲ ಕತ್ತರಿಸಿದರೆ ತಳವು ೧೦, ಘನಫಲವು ೧೦೦. ೨ ಕತ್ತರಿಸಿದರೆ ೧೨೮. ೩ಕ್ಕೆ ೧೦೮, ೪ಕ್ಕೆ ೬೪, ೫ಕ್ಕೆ ಕೇವಲ ೨೦. ಗುಡ್ಡವನ್ನು ಏರಿ ಇಳಿದಂತೆ. ಗುಡ್ಡದ ನೆತ್ತಿಯಲ್ಲಿ ನಿಂತವನ ಕಾಲಿಗೆ ಏರೂ ಇಲ್ಲ, ಇಳಿಜಾರೂ ಇಲ್ಲ. ಆದುದರಿಂದ ಬೆಳವಣಿಗೆಯ ದರವು ಸೊನ್ನೆಯಾಗುವ ಸ್ಥಳವನ್ನು ಹುಡುಕಬೇಕು.

ಕತ್ತರಿಸಿದ ಅಳತೆಯು ಕ್ಷವಾದರೆ ಎತ್ತರವು ಕ್ಷ, ತಳದ ಮಗ್ಗುಲು ೧೨ ಕಳೆ ೨ಕ್ಷ. ಘನಫಲವನ್ನು ಬರೆದು, ಅದರ ದರವನ್ನು ಕಂಡು, ಸೊನ್ನೆಗೆ ಸಮ ಮಾಡಿ, ೧೨ರಿಂದ ಭಾಗಿಸಿದರೆ ಉಳಿಯುವುದು: ಕ್ಷದ ವರ್ಗ − ೮ಕ್ಷ + ೧೨ = ೦. ಬಾಲಕಿಯು ಇದನ್ನು ನೋಡಿ ನಕ್ಕಳು. ಹಳೆಯ ಪರಿಚಯದ ವರ್ಗ ಸಮೀಕರಣವೇ ವೇಷ ಬದಲಿಸಿಕೊಂಡು ಬಂದಿತ್ತು! ಮೂಲೆಯನ್ನು ತುಂಬಿ ಬಿಡಿಸಿದಳು: ಕ್ಷ ಎಂದರೆ ೨ ಅಥವಾ ೬. ೬ ಅಂಗುಲ ಕತ್ತರಿಸಿದರೆ ರಟ್ಟೇ ಉಳಿಯದು. ಅಲ್ಲಿ ದರವು ಸೊನ್ನೆಯಾಗಿರುವುದು ನೆತ್ತಿಯೆಂದಲ್ಲ, ಕಣಿವೆಯ ತಳವೆಂದು. ಉಳಿದದ್ದು ೨. ಅದೂ ನಿಜವೋ ಎಂದು ಆಚೀಚೆ ಪರೀಕ್ಷಿಸಿದೆವು: ೧.೯ಕ್ಕೆ ೧೨೭.೭೫೬, ೨.೧ಕ್ಕೆ ೧೨೭.೭೬೪, ಎರಡೂ ೧೨೮ಕ್ಕಿಂತ ಕಡಿಮೆ. ಪುಸ್ತಕದಂಗಡಿಯ ಲೆಕ್ಕದಲ್ಲಿ ಕಲಿತ ವಿವೇಚನೆಯು ಇಲ್ಲಿಯೂ ಉಪಯೋಗಕ್ಕೆ ಬಂತು. ಹತ್ತನೆಯ ತರಗತಿಯ ಗಣಿತವೂ ಪಿ.ಯು. ಗಣಿತವೂ ಒಂದೇ ಮನೆಯ ಎರಡು ಕೋಣೆಗಳೆಂದು ಅವಳಿಗೆ ಮನದಟ್ಟಾಯಿತು.

ಹಾಗಾದರೆ ಈ ಎರಡು ಕೋಣೆಗಳ ನಡುವೆ ಗೋಡೆಯನ್ನು ಕಟ್ಟಿದವರು ಯಾರು? ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ನಡೆದುಬಂದ ಮಗುವು ವಿಜ್ಞಾನ ಶಾಖೆಯ ಬಾಗಿಲನ್ನು ದಾಟಿದೊಡನೆ ಪಾಠವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುದು. ಹೊಸ ಭಾಷೆ, ಹೊಸ ಗಣಿತ, ಎರಡೂ ಒಂದೇ ದಿನ. ಕಾರಣವನ್ನು ಕೇಳಲಿಕ್ಕೆ ಬಾಯಿ ಬಾರದು. ಬಾಯಿ ಬಾರದವನು ಬಾಯಿಪಾಠವನ್ನು ಆಶ್ರಯಿಸುವನು. ೧೯೫೬ರಲ್ಲಿ ನಾಡು ಒಂದಾಯಿತು. ಅದಕ್ಕಾಗಿ ಹಿರಿಯರು ಪಟ್ಟ ಪಾಡನ್ನು ನಾವು ಮರೆಯಲಾರೆವು. ಆದರೆ ಕನ್ನಡದ ಮಗುವಿನ ಬುದ್ಧಿಯು ಇಂದಿಗೂ ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಎರಡು ಪ್ರಾಂತಗಳಾಗಿ ಒಡೆಯುತ್ತಿರುವುದು.

ಇದರ ಮೇಲೆ ಪ್ರವೇಶ ಪರೀಕ್ಷೆಗಳ ಒತ್ತಡ. ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಿ ಗಣಿತಕ್ಕೆ ೮೦ ನಿಮಿಷಗಳಲ್ಲಿ ೬೦ ಪ್ರಶ್ನೆಗಳು. ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಕೊಟ್ಟಿರುವರು, ಒಂದಕ್ಕೆ ಗುರುತು ಹಾಕಬೇಕು. ಒಂದು ಪ್ರಶ್ನೆಗೆ ೮೦ ಸೆಕೆಂಡು. ತಪ್ಪಿಗೆ ಅಂಕವನ್ನು ಕಳೆಯುವುದಿಲ್ಲ. ಏನನ್ನೂ ಓದದೆ ಕಣ್ಣು ಮುಚ್ಚಿ ಗುರುತು ಹಾಕುವವನಿಗೂ ಸರಾಸರಿಯಲ್ಲಿ ೧೫ ಪ್ರಶ್ನೆಗಳು ಸರಿಯಾಗುವುವೆಂದು ಸಂಭವನೀಯತೆಯೇ ಹೇಳುವುದು. ಲಕ್ಷಗಟ್ಟಲೆ ವಿದ್ಯಾರ್ಥಿಗಳನ್ನು ಬೇಗನೆ ಪರೀಕ್ಷಿಸಲು ಇಂತಹ ಏರ್ಪಾಡು ಬೇಕಾಗಬಹುದು; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷೆಯ ಈ ಸ್ವರೂಪವೇ ಪಾಠದ ಸ್ವರೂಪವೂ ಆಗಿಬಿಟ್ಟರೆ ಗಣಿತದ ಗತಿಯೇನು? ಅದೂ ಸಾಲದೆಂಬಂತೆ ಈಗ ಕಿಸೆಯಲ್ಲಿರುವ ಫೋನಿಗೆ ಲೆಕ್ಕದ ಚಿತ್ರವನ್ನು ತೋರಿಸಿದರೆ ಕ್ಷಣಾರ್ಧದಲ್ಲಿ ಉತ್ತರವು ಬಂದು ನಿಲ್ಲುವುದು, ಹೆಜ್ಜೆಗಳೂ ಕೂಡ. ಉತ್ತರವು ಇಷ್ಟು ಅಗ್ಗವಾದ ಕಾಲದಲ್ಲಿ ಉತ್ತರವನ್ನೇ ಕಲಿಸುತ್ತ ಕೂಡುವುದು ಹೊಳೆಯ ದಂಡೆಯಲ್ಲಿ ನೀರು ಮಾರಿದಂತೆ. ಆ ಉತ್ತರವನ್ನು ನಂಬಬಹುದೋ ಇಲ್ಲವೋ ಎಂದು ನಿರ್ಣಯಿಸುವ ಶಕ್ತಿಯನ್ನು ಕಲಿಸಬೇಕಾಗಿರುವುದು.

ಗಣಿತಕ್ಕೆ ಇಂಗ್ಲಿಷೇ ಬೇಕು, ಕನ್ನಡದಲ್ಲಿ ಅದು ಸಾಗದೆಂದು ಹೇಳುವ ವಿದ್ಯಾವಂತರು ಉಂಟು. ಅವರಿಗೆ ಎರಡು ಸಂಗತಿಗಳನ್ನು ನೆನಪಿಸುವೆವು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದನು. ಇನ್ನು ಕೇರಳದಲ್ಲಿ ಜ್ಯೇಷ್ಠದೇವನು ಸುಮಾರು ೧೫೩೦ರಲ್ಲಿ 'ಯುಕ್ತಿಭಾಷಾ' ಎಂಬ ಗ್ರಂಥವನ್ನು ಮಲಯಾಳದಲ್ಲಿ ರಚಿಸಿದನು. ಮಾಧವನ ಪರಂಪರೆಯವರು ಕಂಡ ಅನಂತ ಶ್ರೇಣಿಗಳಿಗೆ ಅದರಲ್ಲಿ ಯುಕ್ತಿಗಳನ್ನು, ಅಂದರೆ ಕಾರಣಗಳನ್ನು, ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಿರುವನು. ಲೈಬ್ನಿಟ್ಸನು ಕಲನಗಣಿತವನ್ನು ಅಚ್ಚಿನಲ್ಲಿ ಪ್ರಕಟಿಸಿದ್ದು ೧೬೮೪ರಲ್ಲಿ. ಅದಕ್ಕಿಂತ ಒಂದೂವರೆ ಶತಮಾನ ಮೊದಲೇ, ಆ ಶಾಸ್ತ್ರದ ನೆರೆಹೊರೆಯ ವಿಚಾರಗಳಿಗೆ ನೆರೆನಾಡಿನ ದೇಶಭಾಷೆಯಲ್ಲಿ ಕಾರಣಗಳು ಬರೆಯಲ್ಪಟ್ಟವು. ಸೂತ್ರವು ಸಂಸ್ಕೃತದಲ್ಲಿದ್ದರೂ ಕಾರಣವನ್ನು ಹೇಳುವಾಗ ಜನರ ಮಾತಿಗೆ ಇಳಿದದ್ದು ನಮಗೆ ದಾರಿದೀಪವಾಗಬೇಕು. ಇಂಗ್ಲಿಷ್ ಶಬ್ದಗಳನ್ನು ಕಲಿಯಬಾರದೆಂದು ನಾವು ಹೇಳುವುದಿಲ್ಲ, ಅವಶ್ಯವಾಗಿ ಕಲಿಯಲಿ. ಆದರೆ ಕಾರಣವು ಮೊದಲು ಕನ್ನಡದಲ್ಲಿ ಹುಟ್ಟಲಿ, ಆಮೇಲೆ ಯಾವ ಭಾಷೆಯ ಅಂಗಿಯನ್ನಾದರೂ ತೊಡಲಿ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ದಿನಕ್ಕೆ ಹತ್ತು ಲೆಕ್ಕಗಳನ್ನು ಮಾಡಿಸುವ ಬದಲು ಎರಡನ್ನು ಮಾಡಿಸಿರಿ. ಆದರೆ ಪ್ರತಿ ಹೆಜ್ಜೆಯ ಪಕ್ಕದಲ್ಲಿ 'ಏಕೆಂದರೆ' ಎಂದು ಬರೆಯಿಸಿರಿ. ತಪ್ಪು ಮಾಡಿದ ಹುಡುಗನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ ನಗೆಗೀಡು ಮಾಡದೆ ಅವನ ಕಾರಣವನ್ನು ಕೇಳಿರಿ. ದಾಲಾಂಬೇರನಿಗೆ ತಪ್ಪಿದ್ದು ಅವನಿಗೂ ತಪ್ಪಬಹುದು. ಪಿ.ಯು. ಕಾಲೇಜುಗಳ ಉಪನ್ಯಾಸಕರು ವಾರಕ್ಕೆ ಒಂದು ಗಂಟೆಯಾದರೂ ಕನ್ನಡದಲ್ಲಿ ಸಂಶಯಗಳನ್ನು ಕೇಳಲು ಅವಕಾಶ ಕೊಡಲಿ. ತಂದೆತಾಯಿಗಳು 'ಎಷ್ಟು ಅಂಕ ಬಂತು?' ಎಂದು ಕೇಳುವ ದಿನ 'ಯಾಕೆ ಹಾಗೆ ಬಂತು?' ಎಂದೂ ಕೇಳಲಿ. ಇದಕ್ಕೆ ಸರಕಾರದ ಮಂಜೂರಾತಿಯೂ ಬೇಡ, ಹಣವೂ ಬೇಡ.

ಗಣಿತವನ್ನು ಕಲಿತವರೆಲ್ಲರೂ ಎಂಜಿನಿಯರರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಅವರೆಲ್ಲರೂ ಮತ ಹಾಕುವರು, ಸಾಲಪತ್ರಕ್ಕೆ ರುಜು ಮಾಡುವರು, ಪಂಚಾಯತಿಯಲ್ಲಿ ಕೂಡುವರು. ಯಾರೋ ಹೇಳಿದ ಉತ್ತರಕ್ಕೆ ತಲೆದೂಗುವ ಜನರಾಗಬೇಕೋ, ಕಾರಣವನ್ನು ಕೇಳುವ ಜನರಾಗಬೇಕೋ ಎಂಬುದು ಹೈಸ್ಕೂಲಿನ ಆ ಮುರುಕು ಬೆಂಚಿನ ಮೇಲೆ, ಆ ಲೆಕ್ಕದ ಪುಟದ ಮೇಲೆ ನಿರ್ಣಯವಾಗುವುದು. "ಯಾಕ ಬಂತು" ಎಂದು ಕೇಳಿದ ಆ ಬಾಲಕಿಗೆ ನಾವು ಕೃತಜ್ಞರಾಗಿರುವೆವು. ಆ ಪ್ರಶ್ನೆಯನ್ನು ಕೇಳುವ ಒಂದು ಮಗುವಾದರೂ ಪ್ರತಿಯೊಂದು ತರಗತಿಯಲ್ಲಿ ಇದ್ದೇ ಇರುವುದು. ಅದಕ್ಕೆ ಉತ್ತರ ಕೊಡುವ ಹೊಣೆಯು ನಮ್ಮೆಲ್ಲರದು.